ಸಕ್ಕರೆ ಡಬ್ಬಿಯ ಮೂರು ಗೆರೆ

ಕೊಟ್ರಬಸಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಭದ್ರಾವತಿಯ ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುತ್ತಿದ್ದಾಗಲೇ ಅಂಟಿಕೊಂಡದ್ದು. ರಾಗಿಮುದ್ದೆ, ಮೆಂತ್ಯದ ನೀರು, ನಡಿಗೆ, ದಿನಕ್ಕೆರಡು ಮಾತ್ರೆ, ಇಷ್ಟರಲ್ಲೇ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದ. ನಿವೃತ್ತನಾಗಿ ಶಿವಮೊಗ್ಗದ ಗೋಪಾಳಕ್ಕೆ ಬಂದ ಮೇಲೂ ಹಳೆಯ ಗೆಳೆಯರು ಫೋನ್ ಮಾಡಿ ಸಲಹೆ ಕೇಳುತ್ತಿದ್ದರು. ಕೇಳದವರಿಗೂ ಅವನು ಹೇಳುತ್ತಿದ್ದ.

ಹೆಂಡತಿ ಹೂವಮ್ಮನಿಗೂ ಐವತ್ತು ತುಂಬುವ ಹೊತ್ತಿಗೆ ಸಕ್ಕರೆ ಬಂತು. ಅವನು ಗಾಬರಿಯಾಗಲಿಲ್ಲ. ತನ್ನ ಪಥ್ಯವನ್ನೇ ಅವಳಿಂದಲೂ ಮಾಡಿಸಿದ. ಡಾಕ್ಟರು ಬರೆದದ್ದೂ ಅವನು ನುಂಗುವ ಮಾತ್ರೆಯನ್ನೇ. ಆದರೆ ಮೊದಲೇ ಸಣಕಲಿಯಾಗಿದ್ದವಳು ಇನ್ನೂ ಸೊರಗಿದಳು, ರವಿಕೆ ಜೋಲತೊಡಗಿತು, ಸಕ್ಕರೆ ಮಾತ್ರ ಮುನ್ನೂರು ದಾಟಿತು. ತನಗೆ ಇಳಿದದ್ದು ಇವಳಿಗೇಕೆ ಇಳಿಯುವುದಿಲ್ಲ? ಕದ್ದು ತಿನ್ನುತ್ತಾಳೆ ಎಂದು ತೀರ್ಮಾನಿಸಿಬಿಟ್ಟ. ತಿಂದಿಲ್ಲ ಎಂದು ಅವಳು ಹಾಕಿದ ಕಣ್ಣೀರೂ ಅವನಿಗೆ ನಾಟಕವಾಗಿ ಕಂಡಿತು.

ಮನೆಗೆ ಬೆಲ್ಲ ತರುವುದು ನಿಂತಿತು. ನೆಂಟರಿಗೆಂದು ಒಂದು ಸಕ್ಕರೆ ಡಬ್ಬಿ ಉಳಿಯಿತು. ಸಕ್ಕರೆಯನ್ನು ಸಪಾಟು ಮಾಡಿ, ಹಣೆಗೆ ವಿಭೂತಿ ಎಳೆಯುವಂತೆ ಅದರ ಮೇಲೆ ಮೂರು ಬೆರಳಿನಿಂದ ಗೆರೆ ಎಳೆದ.

"ಒಂದು ಚಮಚ ತೆಗೆದ್ರೂ ಗೊತ್ತಾಗತ್ತೆ ನೋಡು ಮಾರಾಯ್ತಿ," ಎಂದ.

ನೆಂಟರು ಬಂದಾಗ ಅವನೇ ಸಕ್ಕರೆ ತೆಗೆದುಕೊಟ್ಟು ಮತ್ತೆ ಗೆರೆ ಎಳೆಯುತ್ತಿದ್ದ. ಎರಡು ವರ್ಷ ಆ ಗೆರೆ ಒಮ್ಮೆಯೂ ಕೆಡಲಿಲ್ಲ. ಹಾಗಾದರೆ ಪಕ್ಕದ ಮನೆಯಲ್ಲಿ ತಿನ್ನುತ್ತಾಳೆ ಎಂದುಕೊಂಡನೇ ಹೊರತು, ಇವಳು ನಿಜ ಹೇಳುತ್ತಿರಬಹುದು ಎಂದು ಆ ಹಟಮಾರಿಗೆ ಹೊಳೆಯಲೇ ಇಲ್ಲ.

ಕೊನೆಗೊಂದು ದಿನ ವಾಂತಿ ಹತ್ತಿ, ಪ್ರಜ್ಞೆ ತಪ್ಪಿ ಅವಳು ಆಸ್ಪತ್ರೆ ಸೇರಿದಳು. ಅಲ್ಲಿ ಡಾಕ್ಟರ್ ತನುಜಾ ರಕ್ತ ತೆಗೆಸಿ ಆ್ಯಂಟಿಬಾಡಿ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು. ವರದಿ ಬಂದ ಮೇಲೆ ಕೊಟ್ರಬಸಪ್ಪನನ್ನು ಕೂರಿಸಿಕೊಂಡರು.

"ನಿಮ್ಮ ಕಾಯಿಲೆ ಬೇರೆ, ಇವರದ್ದು ಬೇರೆ. ರೋಗದಿಂದ ಕಾಯಬೇಕಾದ ಶಕ್ತಿನೇ ಇವರಲ್ಲಿ ಇನ್ಸುಲಿನ್ ಮಾಡೋ ಜೀವಕೋಶಗಳನ್ನ ಕೊಲ್ತಾ ಇದೆ. ತಿಂದು ಬಂದಿದ್ದಲ್ಲ ಇದು. ಪಥ್ಯಕ್ಕೆ ಬಗ್ಗೋದೂ ಅಲ್ಲ."

ದಿನಾ ಇನ್ಸುಲಿನ್ ಇಂಜೆಕ್ಷನ್ ಶುರುವಾಯಿತು. ಚುಚ್ಚಿಕೊಂಡ ಮೇಲೆ ತಿನ್ನದಿದ್ದರೆ ಸಕ್ಕರೆ ತೀರಾ ಇಳಿಯುತ್ತದೆ, ಬೆವರಿ ನಡುಕ ಬಂದರೆ ಇಳಿದಿದೆ ಎಂದರ್ಥ, ತಕ್ಷಣ ಒಂದಿಷ್ಟು ಸಕ್ಕರೆ ತಿನ್ನಬೇಕು ಎಂದು ಡಾಕ್ಟರು ಇಬ್ಬರಿಗೂ ಹೇಳಿದರು.

ಹೂವಮ್ಮನ ಕೆನ್ನೆ ತುಂಬಿಕೊಂಡಿತು. ಅವನಿಗೆ ಮಾತ್ರ ನಾಚಿಕೆ. ತಪ್ಪಾಯಿತು ಎನ್ನುವ ಮಾತು ದಿನಾ ಗಂಟಲಿಗೆ ಬಂದು ಒಳಗೇ ಹೋಗುತ್ತಿತ್ತು. ಡಬ್ಬಿಯ ಗೆರೆ ಅಳಿಸಲು ನೆನಪೂ ಆಗಲಿಲ್ಲ.

ಅದೊಂದು ಬೆಳಗ್ಗೆ ಹೊಟ್ಟೆ ಸರಿಯಿಲ್ಲ ಎನ್ನುತ್ತಲೇ ಅವಳು ಇಂಜೆಕ್ಷನ್ ಚುಚ್ಚಿಕೊಂಡಳು. ಅವನು ಭದ್ರಾವತಿಗೆ ಹೊರಟ. ಹಳೆಯ ಗೆಳೆಯ ಮಂಜಪ್ಪನಿಗೂ ಸಕ್ಕರೆ ಬಂದಿತ್ತು, ಸಲಹೆಗೆ ಕರೆದಿದ್ದ.

"ನನ್ನ ಮಾತು ಕೇಳ್ಬೇಡ ಮಾರಾಯ. ಎಲ್ಲರ ಸಕ್ಕರೆನೂ ಒಂದೇ ಅಲ್ಲ," ಎಂದು ಹೆಂಡತಿಗೆ ತಾನು ಮಾಡಿದ್ದನ್ನೆಲ್ಲ ಅವನೆದುರು ಹೇಳಿಬಿಟ್ಟ. ಎದೆ ಹಗುರವಾಯಿತು. ಇವತ್ತು ಅವಳಿಗೂ ಹೇಳಿಯೇ ಬಿಡುತ್ತೇನೆ ಎಂದುಕೊಂಡು ಸಂಜೆಯ ಬಸ್ಸಿನಲ್ಲಿ ಮರಳಿದ.

ಹೂವಮ್ಮ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಬೆಳಗಿನ ತಿಂಡಿ ತಟ್ಟೆಯಲ್ಲೇ ಒಣಗಿತ್ತು. ಪಕ್ಕದಲ್ಲಿ ಮುಚ್ಚಳ ತೆರೆದ ಸಕ್ಕರೆ ಡಬ್ಬಿ, ಕೈಯಲ್ಲಿ ಚಮಚ. ಸಕ್ಕರೆಯ ಮೇಲೆ ಮೂರೂ ಗೆರೆ ಹಾಗೇ ಇದ್ದವು.

ಅವನು ಮುಷ್ಟಿ ತುಂಬ ಸಕ್ಕರೆ ಬಾಚಿ ಅವಳ ತುಟಿಗೆ ಒತ್ತಿದ.

"ತಿನ್ನೇ. ತಪ್ಪು ನಂದೇ," ಎಂದ.

ಕೇಳಲು ಅವಳಿರಲಿಲ್ಲ.