ಮಾಡು ತೆಗೆದ ಕಾರಿಗೆ ಬಾಗಿಯಕ್ಕನ ಹುಡ್

ಎಡಗೈಯಲ್ಲಿ ರಿಕ್ಷಾದ ಹಳೆಯ ಹುಡ್ಡನ್ನು, ಅಂದರೆ ರೆಕ್ಸಿನ್ ಮೇಲ್ಹೊದಿಕೆಯನ್ನು, ಎಳೆದು ಹಿಡಿದು ಬಲಗೈಯ ಬ್ಲೇಡಿನಿಂದ ಬಾಗಿಯಕ್ಕ ಹೊಲಿಗೆ ಬಿಚ್ಚುತ್ತಿದ್ದಾರೆ. ಅರ್ಧ ಬಿಚ್ಚಿಯಾಗಿದೆ. ಕಲ್ಯಾಣ್ ಪಕ್ಕದ ಶಹಾಡ್ ಸ್ಟೇಷನ್ನಿನ ತಗಡಿನ ಮಾಡಿನ ಮೇಲೆ ಬೆಳಕು ಈಗಷ್ಟೇ ಬಿದ್ದಿದೆ. ರಿಕ್ಷಾದ ಮಾಲೀಕ ಮಾಪಣ್ಣ ಚಹಾದ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ.

"ಅಕ್ಕಾರ, ಲಗೂ ಮಾಡ್ರಿ. ಲೋಕಲ್ ಟ್ರೇನ್ ಬಂತಂದ್ರ ಪ್ಯಾಸೆಂಜರ್‌ನೆಲ್ಲಾ ಬ್ಯಾರೆ ರಿಕ್ಷಾದವ್ರು ಒಯ್ತಾರ."

"ಒಯ್ಯಲಿ ಮಾರಾಯ್ರೆ. ಮಳೆ ಬಂದ್ರೆ ಆ ಪ್ಯಾಸೆಂಜರ್ ನಿಮ್ಮ ತಲೆಗೆ ಕೊಡೆ ಹಿಡೀತಾರಾ?" ಬಾಗಿ ತಲೆ ಎತ್ತುವುದಿಲ್ಲ.

ಕಲ್ಯಾಣ್ ಸ್ಟೇಷನ್ನಿನ ಹೊರಗೆ ಸಾಲಾಗಿ ನಿಲ್ಲುವ ರಿಕ್ಷಾಗಳಲ್ಲಿ ಎಷ್ಟರ ತಲೆಯ ಮೇಲೆ ಈ ಹೆಂಗಸಿನ ಹೊಲಿಗೆ ಇದೆಯೋ, ಹತ್ತಿ ಇಳಿಯುವ ನಮಗೆ ಗೊತ್ತಿಲ್ಲ. ದಿನಕ್ಕೆ ಎರಡು ಹುಡ್, ಜೂನ್ ಹತ್ತಿರವಾದರೆ ನಾಲ್ಕು. ರೆಕ್ಸಿನ್ ಎಳೆದೆಳೆದು ಬೆರಳುಗಳು ಎಷ್ಟು ಸವೆದಿವೆಯೆಂದರೆ ರೇಷನ್ ಅಂಗಡಿಯ ಯಂತ್ರಕ್ಕೆ ಅವರ ಹೆಬ್ಬೆಟ್ಟಿನ ಗುರುತು ಸಿಗುವುದಿಲ್ಲ. ತಮ್ಮ ಹೊಲಿಗೆ ಅಂಗಡಿಯ ಹಿಂದಿನ ಖೋಲಿಯಲ್ಲೇ ಮನೆ. ಗಂಡ-ಹೆಂಡತಿ ಇಬ್ಬರಲ್ಲಿ ಒಬ್ಬರಾದರೂ ಇದ್ದೇ ಇರುವುದರಿಂದ ಶಟರಿನ ಬೀಗ ಮೊಳೆಗೆ ನೇತುಬಿದ್ದು ತುಕ್ಕು ಹಿಡಿದಿದೆ.

ಬೈಂದೂರಿನ ಕಡೆಯಿಂದ ಮದುವೆಯಾಗಿ ಠಾಕುರ್ಲಿಯ ಚಾಳೊಂದರ ಒಂಟಿ ಕೋಣೆಗೆ ಬಂದಾಗ ಬಾಗಿಗೆ ಹೊಲಿಗೆಯೆಂದರೆ ರವಿಕೆ, ಲಂಗ, ಅಷ್ಟೇ. ಗಾಡಿಗಳ ಸೀಟು, ಹುಡ್ ಹೊಲಿಯುತ್ತಿದ್ದವರು ಗಂಡ ವಾಸು. ಬೆನ್ನಿನ ಆಪರೇಷನ್ ಆದ ಮೇಲೆ ಅವರಿಗೆ ಮೆಷಿನ್ ಮುಂದೆ ಕೂರಲಾಗಲಿಲ್ಲ. ಇಂದಿಗೂ ಪ್ರತಿ ಶುಕ್ರವಾರ ಬೆಳಿಗ್ಗೆ ಕಲ್ಯಾಣ್‌ಗೆ ಹೋಗಿ ಬೆನ್ನಿಗೆ ಶಾಖ ಕೊಡಿಸಿಕೊಂಡು ಬರುತ್ತಾರೆ.

"ಇವರು ಮಂಚದಲ್ಲಿ ಮಲಗಿ ಹೇಳುವುದು, ನಾನು ಹೊಲಿಯುವುದು," ಎಂದು ಬಾಗಿ ನನ್ನೆದುರು ನೆನೆಯುತ್ತಾರೆ. "ಮೊದಲ ರಿಕ್ಷಾದವ ನಗಾಡಿದ. ಇದೆಂತ ಅಕ್ಕ, ರವಿಕೆಗೆ ಕೊಟ್ಟ ಹಾಗೆ ಫಿಟಿಂಗ್ ಕೊಟ್ಟಿದ್ದೀರಿ ಅಂತ. ಫಿಟಿಂಗ್ ಬೇಡ್ವಾ ಮತ್ತೆ? ಮಳೆಗಾಲ ಮುಗಿದ ಮೇಲೆ ಅವನೇ ಇನ್ನೂ ನಾಲ್ಕು ಜನರನ್ನು ಕರ್ಕೊಂಡು ಬಂದ."

ವರ್ಷಕ್ಕೆ ಒಂದೋ ಎರಡೋ ಬೇರೆ ಬಗೆಯ ಗಿರಾಕಿಗಳು ಬರುತ್ತಾರೆ. ಅವರದು ಹಳೆಯ ಸ್ಪೋರ್ಟ್ಸ್ ಕಾರುಗಳು, ಯಾವ ಕಾಲದಲ್ಲೋ ಯಾರೋ ತಗಡಿನ ಮಾಡು, ಅಂದರೆ ಚಾವಣಿ, ಕತ್ತರಿಸಿ ತೆಗೆದಂಥವು. ಅಂಥವಕ್ಕೆ ಸಿದ್ಧ ಹುಡ್ ಎಲ್ಲೂ ಸಿಗುವುದಿಲ್ಲ. ಕಾರಿನ ಮೈಮೇಲೆಯೇ ಅಳತೆ ತೆಗೆದು ಹೊಲಿಯಬೇಕು. ಆ ಕಾರುಗಳಿಗೆ ಬಾಗಿಯ ನಿಯಮ ಒಂದೇ. ಅದರಲ್ಲಿ ಹೋಗುವವರು ಒಳಗೆ ಕೂರದೆ ಬಟ್ಟೆಗೆ ಕತ್ತರಿ ಇಲ್ಲ. ಖಾಲಿ ಕಾರಿನ ಮುಂಗಾಜಿನ ಎರಡು ಮೂಲೆಗಳಿಂದ ಹಿಂದಿನ ಮೂಲೆಗಳಿಗೆ ಅಡ್ಡಡ್ಡ ದಾರ ಬಿಗಿಯುತ್ತಾರೆ. ಆಮೇಲೆ ಜನರನ್ನು ಕೂರಿಸಿ ದಾರ ಮುಟ್ಟಿ ನೋಡುತ್ತಾರೆ.

"ಮಾಡು ತೆಗೆದರೆ ಕಾರಿನ ಬೆನ್ನೆಲುಬು ತೆಗೆದ ಹಾಗೆ. ಕೆಳಗೆ ಕಬ್ಬಿಣದ ಆಧಾರ ಕೊಡಬೇಕು. ಕೊಡದಿದ್ದರೆ ಕೂತ ಕೂಡಲೇ ನಡು ಬಾಗ್ತದೆ, ದಾರ ಸಡಿಲ ಆಗ್ತದೆ."

ಈ ನಿಯಮ ಬಂದದ್ದು ಮೂರು ವರ್ಷದ ಹಿಂದೆ. ಬಾಗಿ ಹುಡ್ ಹೊಲಿದು ಕೊಟ್ಟ ಒಂದು ಕಾರಿನ ನಡು ಮಾಳಶೇಜ್ ಘಾಟಿಯ ತಿರುವಿನಲ್ಲಿ ಕುಸಿದು, ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗಿದ್ದ ಹುಡುಗಿ ಹೊರಗೆ ಬಿದ್ದು ಭುಜ ಮುರಿದುಕೊಂಡಳು. "ನನ್ನ ಹೊಲಿಗೆ ಬಿಡಲಿಲ್ಲ, ಬಾಗಿಲು ಬಿಟ್ಟಿತು. ಆದ್ರೂ ಆ ಗಾಡಿಯನ್ನು ಚಂದ ಮಾಡಿ ಕಳಿಸಿದವಳು ನಾನಲ್ವಾ?"

ಮಾಪಣ್ಣನ ಹುಡ್ ಮುಗಿಯುವ ಹೊತ್ತಿಗೆ ಶ್ರೀಮತಿ ಎಂಬವರು ಲೋಕಲ್ ಟ್ರೇನ್ ಇಳಿದು ಬರುತ್ತಾರೆ. ಗಂಡ ಪುಂಡರೀಕಾಕ್ಷರ ಜೊತೆ ಡೊಂಬಿವಲಿಯಲ್ಲಿ ಉಡುಪಿ ಹೋಟೆಲ್ ನಡೆಸುವವರು. ಠಾಣೆ ಊರಿನ ರಿತೇಶ್ ಎಂಬವರಲ್ಲಿರುವ ಕೆಂಪು ಬಣ್ಣದ, ಎರಡೇ ಸೀಟಿನ ಹಳೆಯ ಕಾರಿನ ಮೇಲೆ ಅವರಿಗೆ ಮನಸ್ಸಾಗಿದೆ. ಮಾಡು ತೆಗೆದದ್ದು ಆರ್‌ಟಿಒ ಕಾಗದದಲ್ಲೂ ಇದೆ. ಒಂದು ದಿನದ ಮಟ್ಟಿಗೆ ಕಾರು ಕೇಳಿ ಪಡೆದಿದ್ದಾರೆ. ಬಾಗಿ ಹೂಂ ಅಂದರೆ ಕೊಳ್ಳುವುದು, ಇಲ್ಲವೆಂದರೆ ಸಂಜೆಗೆ ವಾಪಸ್.

"ಮೂವತ್ತು ವರ್ಷ ಗಲ್ಲಾದಲ್ಲಿ ಕೂತು ಫ್ಯಾನ್ ನೋಡಿದ್ದು ಸಾಕು," ಎನ್ನುತ್ತಾರೆ ಶ್ರೀಮತಿ. "ಇನ್ನು ಸ್ವಲ್ಪ ಆಕಾಶ ನೋಡ್ತೇನೆ."

ಬೆಳಗಾಗುವ ಮೊದಲೇ ಕಾರು ತರಲು ಠಾಣೆಗೆ ಹೊರಟಿದ್ದ ಪುಂಡರೀಕಾಕ್ಷರು ಅಷ್ಟರಲ್ಲಿ ಬಂದು ನಿಲ್ಲಿಸುತ್ತಾರೆ. ಬಾಗಿ ಅಂಗಡಿಯ ಬಾಗಿಲಲ್ಲೇ ನಿಂತು ನೋಡುತ್ತಾರೆ. ಕಾರು ಎಡಕ್ಕೆ ವಾಲಿದೆ. ಬಾಗಿಯ ಮುಖ ಸಣ್ಣದಾಗುತ್ತದೆ.

"ಬೇಡ ಅಕ್ಕ, ಇದನ್ನು ತಕೊಳ್ಳಬೇಡಿ. ನಾನು ಹೊಲಿಯುವುದಿಲ್ಲ."

"ದಾರ ಕಟ್ಟಿಯಾದ್ರೂ ನೋಡು ಮಾರಾಯ್ತಿ."

"ಕಟ್ಟುವುದೆಂತ? ವಾಲಿದ್ದು ಕಣ್ಣಿಗೇ ಕಾಣ್ತದಲ್ಲ."

ಶ್ರೀಮತಿ ಕಾರಿನ ಬಾನೆಟ್ಟಿನ ಮೇಲೊಮ್ಮೆ ಕೈಯಾಡಿಸಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮೊದಲಿನಿಂದಲೂ ಈ ಕಾರು ಬೇಡವೆನ್ನುತ್ತಿದ್ದ ಪುಂಡರೀಕಾಕ್ಷರಿಗೂ ಅದನ್ನು ನೋಡಿ ಪಿಚ್ಚೆನಿಸಿರಬೇಕು.

"ಹೋಗ್ಲಿ ಬಿಡು. ಸಂಜೆ ವಾಪಸ್ ಕೊಡುವ. ಅದಕ್ಕೆ ಮೊದಲು ತೆಂಗಿನಕಾಯಿ ಇಳಿಸಬೇಕು, ಅಷ್ಟೇ."

"ಯಾವ ತೆಂಗಿನಕಾಯಿ?" ಬಾಗಿ, ಶ್ರೀಮತಿ ಇಬ್ಬರೂ ಒಟ್ಟಿಗೇ ಕೇಳುತ್ತಾರೆ.

"ವಾಶಿ ಮಾರ್ಕೆಟ್ ದಾರಿಯಾಗಿಯೇ ಬಂದೆ. ಹೋಟೆಲ್ ಇಟ್ಟುಕೊಂಡವ ಖಾಲಿ ಗಾಡಿ ತರುವುದುಂಟಾ? ಒಂದು ಗೋಣಿ ಕಾಯಿ, ಒಂದು ಗೋಣಿ ಕುಚ್ಚಲಕ್ಕಿ. ಬಲಗಡೆ ಸ್ಟೆಪ್ನಿ ಇತ್ತು, ಎರಡನ್ನೂ ಎಡಕ್ಕೇ ತುರುಕಿದೆ."

"ನಾಳೆ ವಿಮಾನ ಕೊಡಿಸಿದ್ರೂ ನೀವು ಅದರಲ್ಲಿ ಕಾಯಿ ಹೇರ್ತೀರಿ!" ಶ್ರೀಮತಿ ಹೋಗಿ ಡಿಕ್ಕಿ ತೆರೆಯುತ್ತಾರೆ.

ಮಾಪಣ್ಣ ರಿಕ್ಷಾ ಬಿಟ್ಟು ಬಂದು ಗೋಣಿಗಳಿಗೆ ಕೈ ಕೊಡುತ್ತಾರೆ. ಕೊನೆಯ ಗೋಣಿ ಡಿಕ್ಕಿಯಿಂದ ಇಳಿದೊಡನೆ ಕಾರು ಮೆಲ್ಲಗೆ ಎದ್ದು ನೇರವಾಗುತ್ತದೆ. ಬಾಗಿ ಕೆನ್ನೆಗೆ ಕೈ ಹಚ್ಚುತ್ತಾರೆ. "ನನ್ನದೇ ನಿಯಮ, ನಾನೇ ಮುರಿದೆ ನೋಡಿ. ಆ ಘಾಟಿಯದ್ದೇ ಹೆದರಿಕೆ." ದಾರದ ಉಂಡೆ ತರುತ್ತಾರೆ.

ಒಳಗಿನಿಂದ ಬಂದ ವಾಸು ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಸರಿಯುತ್ತಾರೆ. ಮಲಗಿ ಮಾಡುವ ಕೆಲಸ ಮಾತ್ರ ತನಗೆ ಡಾಕ್ಟರು ಬಿಟ್ಟಿದ್ದಾರೆಂಬುದು ಅವರ ತಮಾಷೆ. ಕೆಳಗಿನಿಂದ ದನಿ ಬರುತ್ತದೆ: "ಬಾಗಿ, ಎರಡೂ ಬದಿ ಪೈಪ್ ಕೊಟ್ಟಿದ್ದಾರೆ. ಬೆಸುಗೆ ಗಟ್ಟಿ ಉಂಟು."

ದಾರ ಬಿಗಿದಾಯಿತು. ಶ್ರೀಮತಿ ಸ್ಟೀರಿಂಗ್ ಹಿಡಿದು ಕೂರುತ್ತಾರೆ. ಪುಂಡರೀಕಾಕ್ಷರು ಕದಲುವುದಿಲ್ಲ. "ನಾನು ಕೂತರೆ ಒಪ್ಪಿದ ಹಾಗೆ ಆಗ್ತದೆ."

"ಹಾಗಾದ್ರೆ ನೀನೇ ಕೂರು ಬಾಗಿ," ಎನ್ನುತ್ತಾರೆ ಶ್ರೀಮತಿ.

ಬಾಗಿ ಸೆರಗು ಸಿಕ್ಕಿಸಿ, ದಾರದ ಕೆಳಗೆ ತಲೆ ತಗ್ಗಿಸಿ ಒಳಗೆ ಕೂರುತ್ತಾರೆ. ಕೈ ಎತ್ತಿ ಒಂದು ದಾರ ಮೀಟುತ್ತಾರೆ, ಆಮೇಲೆ ಇನ್ನೊಂದು. ಎರಡೂ ಬಿಗಿಯಾಗಿವೆ. ತನ್ನ ಬದಿಯ ಬಾಗಿಲು ತೆರೆದು ಹಾಕುತ್ತಾರೆ, ಟಕ್ಕೆಂದು ಕೂರುತ್ತದೆ. ಇನ್ನೊಮ್ಮೆ ತೆರೆದು ಹಾಕುತ್ತಾರೆ.

"ತಕೊಳ್ಳಿ ಅಕ್ಕ. ಹೊಲಿದು ಕೊಡ್ತೇನೆ."

ಶ್ರೀಮತಿ ಸ್ಟೀರಿಂಗಿಗೆ ಹಣೆ ಒತ್ತಿ ಉಸಿರು ಬಿಡುತ್ತಾರೆ. ಪುಂಡರೀಕಾಕ್ಷರು ಗಂಟಲು ಸರಿಪಡಿಸಿಕೊಂಡು, "ಡಿಕ್ಕಿಯೂ ದೊಡ್ಡದೇ ಉಂಟು," ಎನ್ನುತ್ತಾರೆ.

"ಇನ್ನು ಇದಕ್ಕೆ ಒಂದೇ ಒಂದು ಕಾಯಿ. ಅದೂ ಪೂಜೆ ದಿನ, ಒಡೆಯಲಿಕ್ಕೆ," ಎನ್ನುತ್ತಾರೆ ಶ್ರೀಮತಿ.

ಎಲ್ಲರೂ ನಗುತ್ತಾರೆ. ಬಾಗಿ ಮಾತ್ರ ಇಳಿಯುವುದನ್ನು ಮರೆತವರಂತೆ ಕೂತೇ ಇದ್ದಾರೆ, ದಾರಗಳ ಆಚೆಗೆ ಮುಖವೆತ್ತಿ. ಹುಡ್ ಹೊಲಿದಾದ ಮೇಲೆ ಉಲ್ಹಾಸ ನದಿಯ ಸೇತುವೆಯವರೆಗೆ ಕಾರಿನಲ್ಲಿ ಹೋಗಿ, ಗಾಳಿಗೆ ಬಟ್ಟೆ ಬಡಿಯುತ್ತದೆಯೇ ಎಂದು ನೋಡುವುದು ಈ ಅಂಗಡಿಯ ಪದ್ಧತಿ. ಹೋಗುವವರು ಯಾವಾಗಲೂ ವಾಸು. ನೀವು ಒಮ್ಮೆಯೂ ಹೋಗಿಲ್ಲವೇ ಎಂದು ಬಾಗಿಯನ್ನು ಕೇಳುತ್ತೇನೆ.

"ನನಗೆಂತಕ್ಕೆ? ಮೊದಲ ಮಳೆಗೆ ಸೋರದಿದ್ದರೆ ಸಾಕು."

"ಗುರುವಾರಕ್ಕೆ ಮುಗೀತದಲ್ಲ?" ಕಾರಿನ ಕೆಳಗಿನಿಂದ ಹೊರಬಂದ ವಾಸು ಕೇಳುತ್ತಾರೆ.

ಬಾಗಿ ಇಳಿದು ಬಾಗಿಲು ಹಾಕುತ್ತಾರೆ. "ಇಲ್ಲ. ಅಕ್ಕ, ಶುಕ್ರವಾರ ಬೆಳಿಗ್ಗೆ ನೀವೇ ಬನ್ನಿ. ಇವರು ಕಲ್ಯಾಣ್‌ಗೆ ಹೋಗಿರ್ತಾರೆ."

ಶ್ರೀಮತಿ ತಲೆಯಾಡಿಸುತ್ತಾರೆ. ವಾಸು ಬೆನ್ನು ನೀವಿಕೊಳ್ಳುತ್ತ ಒಳಗೆ ಹೋಗುತ್ತಾರೆ. ಬಾಗಿ ಮೊಳೆಯಿಂದ ಆ ತುಕ್ಕು ಹಿಡಿದ ಬೀಗ ತೆಗೆದು, ಮೆಷಿನ್ ಎಣ್ಣೆಯ ಎರಡು ಹನಿ ಬಿಟ್ಟು, ಕೀಲಿ ತಿರುಗುವವರೆಗೆ ತಿರುಗಿಸುತ್ತಾರೆ. ಮತ್ತೆ ಮೊಳೆಗೆ ಹಾಕಿ, ಅಳತೆ ಗುರುತಿಸುವ ಸೀಮೆಸುಣ್ಣ ಹುಡುಕಲು ಹೋಗುತ್ತಾರೆ.