ಪೂಜೆಗಿಟ್ಟ ಸ್ಕೇಟು

ಸ್ಯಾನ್ ರಮೋನಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ನಾರ್ವೆ ಹುಡುಗನಿಗೆ ಮಂಜುಗಡ್ಡೆಯ ಮೇಲಾಡುವ ‘ಐಸ್ ಹಾಕಿ’ ಆಟವೇ ನೌಕರಿ. ಆಯುಧಪೂಜೆಯ ಬೆಳಿಗ್ಗೆ ತನ್ನ ಮನೆಗೆ ತಪ್ಪಿ ಬಂದಿದ್ದ ನಮ್ಮ ಪಾರ್ಸೆಲ್ ಕೊಡಲು ಬಂದವನು, ನಾನು ಮಿಕ್ಸಿಗೆ ಕುಂಕುಮ ಇಡುವುದನ್ನು ಕಂಡು ಐಸಿನ ಮೇಲೆ ಜಾರುವ ತನ್ನ ಸ್ಕೇಟು ಶೂಗಳನ್ನೂ ಆಟದ ಕೋಲನ್ನೂ ಪೂಜೆಗೆ ತಂದುಕೊಟ್ಟ. ಸಂತೋಷದಿಂದಲೇ ಹೂವೇರಿಸಿದೆ.

ಮಧ್ಯಾಹ್ನ ವಾಪಸು ಕೇಳಿದ. ಸಂಜೆ ಮ್ಯಾಚಂತೆ. ಚೆನ್ನಾಗಿ ಆಡಿದರೆ ತಂಡದಲ್ಲಿ ಜಾಗ, ಇಲ್ಲದಿದ್ದರೆ ನಾರ್ವೆಗೆ ವಾಪಸು.

“ಪೂಜೆಗಿಟ್ಟಿದ್ದನ್ನ ಇವತ್ತು ಬಳಸೋ ಹಾಗಿಲ್ಲಾರೀ,” ಎಂದೆ ಯಜಮಾನರಿಗೆ. “ಚಟ್ನಿ ಕೂಡ ಕೈಯಲ್ಲೇ ಕುಟ್ಟಿದ್ದೀನಿ.”

“ಐಸ್ ಮೇಲೆ ಅವನು ಚಪ್ಪಲಿ ಹಾಕ್ಕೊಂಡು ಓಡ್ಬೇಕೇನೇ? ಹೊಟ್ಟೆಪಾಡು ಕಣೇ, ಕೊಡು.”

ಹುಡುಗ ಶೂ ಬಿಚ್ಚಿ, ಕೈಕಟ್ಟಿ ಬಾಗಿಲಲ್ಲೇ ನಿಂತಿದ್ದ. ತಪ್ಪಾಯ್ತು ತಾಯಿ ಎಂದು ಅಕ್ಷತೆ ಹಾಕಿ, ಕದಲಿಸಿ ಕೊಟ್ಟುಬಿಟ್ಟೆ.

ಟಿವಿಯಲ್ಲಿ ನೋಡಿದರೆ, ಸೇವಂತಿಗೆ ಸುತ್ತಿದ ಕೋಲು ಹಿಡಿದು ಬೆಂಚಿನ ಮೇಲೆ ಕೂತಿದ್ದಾನೆ. ಕೋಚು ಒಂದು ಸಲವೂ ಐಸಿಗೆ ಇಳಿಸಲಿಲ್ಲ. ನನ್ನಿಂದಲೇ ಹುಡುಗನ ಅನ್ನ ಹೋಯಿತೆಂದು ನನಗೆ ಊಟ ಸೇರಲಿಲ್ಲ.

ಮ್ಯಾಚು ಮುಗಿದ ಮೇಲೆ ಅವನದೇ ಫೋನು. “ಆಂಟಿ, ನನ್ನನ್ನ ತಂಡಕ್ಕೆ ತಗೊಳ್ಳೋದು ನಿನ್ನೆಯೇ ತೀರ್ಮಾನ ಆಗಿತ್ತಂತೆ. ಅದಕ್ಕೇ ಇವತ್ತು ರೆಸ್ಟು ಕೊಟ್ರು,” ಎಂದು ಇಂಗ್ಲಿಷಿನಲ್ಲಿ ಹೇಳಿದ.

ಹುಡುಗನ ಕೆಲಸವೂ ಉಳಿಯಿತು, ಸ್ಕೇಟಿಗೆ ಆ ದಿನದ ವಿಶ್ರಾಂತಿಯೂ ಸಿಕ್ಕಿತು. ತಾಯಿ ಎರಡನ್ನೂ ನಡೆಸಿಕೊಟ್ಟಳು.