ಅಂಗಳದ ವಾಟ

ನನ್ನ ತಂಗಿಯ ಗಂಡ ಗಾರೆ ಕೆಲಸದ ಮೇಸ್ತ್ರಿ. ಅವರು ಕಟ್ಟಿದ ಮನೆಗಳಿಗೆ ಲೆಕ್ಕವಿಲ್ಲ, ಸ್ವಂತಕ್ಕೆ ಮಾತ್ರ ಒಂದು ಗೂಡೂ ಇರಲಿಲ್ಲ. ಹೀಗೆಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಪಾಪವೂ ಇಲ್ಲ, ಏನೂ ಇಲ್ಲ. ಆ ಮನುಷ್ಯನಿಗೆ ಒಂದೇ ಕಡೆ ಕೂತರೆ ಕಾಲಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಒಂದು ಮನೆಯ ತಾರಸಿ ಮುಗಿಯುವುದರೊಳಗೆ ಇನ್ನೊಂದು ಊರಿನಲ್ಲಿ ಪಾಯ ಅಗೆಯುವ ಮಾತು ಶುರು. ನನ್ನ ತಂಗಿ ಪಾತ್ರೆಗಳ ಗಂಟು ಕಟ್ಟಿಕೊಂಡು ಅವರ ಹಿಂದೆ. ಅವಳನ್ನು ನಾನು ಪುಟ್ಟಿ ಅಂತಲೇ ಕರೆಯುವುದು. ತಲೆಯೆಲ್ಲ ಬೆಳ್ಳಗಾದ ಮೇಲೂ ನನಗೆ ಅವಳು ಪುಟ್ಟಿಯೇ.

ಕಟ್ಟುವ ಮನೆಯ ಪಕ್ಕದಲ್ಲೊಂದು ತಗಡಿನ ಶೆಡ್ಡು. ಅಲ್ಲೇ ಒಲೆ, ಅಲ್ಲೇ ಹಾಸಿಗೆ. ಬೆಳಿಗ್ಗೆ ಸಂಜೆ ಪೈಪು ಹಿಡಿದು ಹಸಿ ಗೋಡೆಗಳಿಗೆ ನೀರು ಹೊಡೆಯುವುದು ಪುಟ್ಟಿಯ ಪಾಲಿನ ಕೆಲಸ. ಗೋಡೆ ಬಿರುಕು ಬಿಡಬಾರದಲ್ಲ, ಅದಕ್ಕೆ. ಅವಳ ಬೆರಳಿನ ತುದಿಗಳು ಸದಾ ನೆನೆದು ಸುಕ್ಕಾಗಿರುತ್ತಿದ್ದವು. ಬಣ್ಣ ಹಚ್ಚುವವರು ಬರುವ ಹೊತ್ತಿಗೆ ಶೆಡ್ಡು ಕಿತ್ತು ಹೊರಟುಬಿಡುತ್ತಿದ್ದರು. ಹಾಗಾಗಿ ಅವಳು ಕಂಡದ್ದೆಲ್ಲ ಬಾಗಿಲಿಲ್ಲದ, ಕಿಟಕಿಯಿಲ್ಲದ ಮನೆಗಳೇ. ಮುಗಿದ ಮನೆಯೊಳಗೆ ಒಂದು ಸಲವೂ ಕಾಲಿಟ್ಟವಳಲ್ಲ.

ವಯಸ್ಸಾದ ಮೇಲೆ ಇಬ್ಬರೂ ನಮ್ಮ ಮನೆಯ ಹಿಂದಿನ ಕೋಣೆಗೆ ಬಂದರು. ನನ್ನ ಯಜಮಾನರು ಹೋಗಿ ಆಗಲೇ ಬಹಳ ಕಾಲವಾಗಿತ್ತು. ನನಗೂ ಮಾತಿಗೆ ಜನ ಬೇಕಿತ್ತು. ಪುಟ್ಟಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಕಾಲೆಲ್ಲ ಊತ. ಡಾಕ್ಟರು ನೋಡಿ, "ಹೃದಯ ಸುಸ್ತಾಗಿದೆ, ಎದೆಯಲ್ಲಿ ನೀರು ಸೇರ್ತಾ ಇದೆ. ಮಾತ್ರೆ ಕೊಡ್ತೀನಿ. ಆದರೆ ಚಪ್ಪಟೆಯಾಗಿ ಮಲಗಬಾರದು, ತಲೆ ಎತ್ತರದಲ್ಲೇ ಇರಬೇಕು," ಅಂದರು. ಎಷ್ಟು ಕಾಲ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮನೆಗೆ ಬಂದು ಚಹಾ ಕುಡಿಯುತ್ತಾ ಪುಟ್ಟಿ ಹೇಳಿದಳು: "ರೀ, ನೀವು ಕಟ್ಟಿದ ಮನೇಲಿ ಒಂದನ್ನಾದ್ರೂ ಮುಗಿದ ಮೇಲೆ ಒಳಗೆ ಹೋಗಿ ನೋಡ್ಬೇಕು ನಾನು."

"ಅದೇನು ನೋಡ್ತೀಯ? ಎಲ್ಲಾ ಮನೆ ಇದ್ದ ಹಾಗೇ ಇರ್ತವೆ," ಅಂದರು ಮೇಸ್ತ್ರಿ.

"ನಿಮಗೆ ಹಾಗೆ. ನನಗೆ ಅವಕ್ಕೆ ಬಾಗಿಲು ಇದೆಯೋ ಇಲ್ವೋ ಅಂತಾನೂ ಗೊತ್ತಿಲ್ಲ."

ಮೇಸ್ತ್ರಿ ಲೋಟ ಕೆಳಗಿಟ್ಟರು. ಅವರು ಕಟ್ಟಿದ ಮೊದಲ ಮನೆ ಇರುವ ಊರು ತುಂಬಾ ದೂರ. ಬಸ್ಸಿನಲ್ಲಿ ಅಷ್ಟು ಹೊತ್ತು ಅವಳು ಕೂರಲಾರಳು, ಲಾಡ್ಜಿನ ಮೆಟ್ಟಿಲು ಹತ್ತಲಾರಳು. ವಾರ ಕಳೆಯುವುದರೊಳಗೆ ಎಲ್ಲಿಂದಲೋ ಒಂದು ಹಳೆಯ ವ್ಯಾನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಬೇಕರಿಯವರು ಬ್ರೆಡ್ ಸಾಗಿಸುತ್ತಿದ್ದ ಗಾಡಿ. ಬಾಗಿಲು ತೆಗೆದರೆ ಬ್ರೆಡ್ಡಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅದರೊಳಗೆ ಮನೆ ಮಾಡುತ್ತೇನೆ ಅಂದರು.

ಮೊದಲು ನೆಲಕ್ಕೆ ಸಿಮೆಂಟು ಹಾಕಲು ಹೊರಟಿದ್ದರು! ನಾನೇ ತಡೆದೆ. "ಮೇಸ್ತ್ರಿ, ಅದು ಓಡಬೇಕಲ್ವಾ? ನೀವು ಸಿಮೆಂಟ್ ಹಾಕಿದ್ರೆ ಅದೂ ನನ್ನ ಹಾಗೆ ಅಂಗಳದಲ್ಲೇ ಕೂತಿರತ್ತೆ."

ಆಮೇಲೆ ಪ್ಲೈವುಡ್ ಬಂತು. ತಗಡಿಗೂ ಹಲಗೆಗೂ ನಡುವೆ ಬಿಸಿಲು ತಡೆಯಲು ಫೋಮ್ ಹಾಳೆ, ಒಂದು ಪಕ್ಕ ಕತ್ತರಿಸಿ ಕಿಟಕಿ, ಮಡಚುವ ಮೇಜು, ಸ್ಟೀಲಿನ ಸಿಂಕು, ಅದಕ್ಕೊಂದು ಕೈಪಂಪು, ಬ್ಯಾಟರಿಯ ದೀಪ, ನನಗೆ ಮಲಗಲು ಅಗಲವಾದ ಬೆಂಚು. ಹಿಂಬದಿಯಲ್ಲಿ ಪುಟ್ಟಿಯ ಮಂಚ, ತಲೆದಿಂಬು ಹಿಂಬಾಗಿಲ ಕಡೆಗೆ. ತಲೆಯ ಕಡೆ ನಾಲ್ಕು ಬೆರಳು ಎತ್ತರ. ಅದಕ್ಕಿಂತ ಹೆಚ್ಚಾದರೆ ನಿದ್ದೆಯಲ್ಲಿ ಕೆಳಕ್ಕೆ ಜಾರುತ್ತಾಳೆ ಅಂತ ಅವಳನ್ನೇ ಮತ್ತೆ ಮತ್ತೆ ಮಲಗಿಸಿ ನೋಡಿ ಮಾಡಿದ್ದು. ಪ್ರತಿಯೊಂದು ಹಲಗೆಗೂ ರಸಮಟ್ಟ ಇಡುತ್ತಿದ್ದರು. ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಇರುತ್ತದಲ್ಲ, ಅದು ನಟ್ಟನಡುವೆ ಬಂದು ನಿಲ್ಲದೆ ಮೇಸ್ತ್ರಿ ಒಂದು ಮೊಳೆಯನ್ನೂ ಹೊಡೆದವರಲ್ಲ. ಕಪಾಟಿನ ಬಾಗಿಲಿಗೂ ತೂಗುಗುಂಡು ಇಳಿಬಿಟ್ಟು ನೋಡಿದರು. ನಾನು ಎಷ್ಟೋ ಕೆಲಸಗಾರರನ್ನು ನೋಡಿದ್ದೇನೆ. ಈ ಪಾಟಿ ಅಚ್ಚುಕಟ್ಟು ಬೇರೆಲ್ಲೂ ಕಂಡಿಲ್ಲ.

ಮೊಳೆ ಅಂದೆನಲ್ಲ, ಅದೊಂದು ಪಜೀತಿ. ಬೀದಿಯ ಕೊನೆಯಲ್ಲಿ ಒಬ್ಬ ಮೆಕ್ಯಾನಿಕ್ಕು, ಎಲ್ಲರೂ ಅವನನ್ನು ಕರೆಯುವುದೇ ಸ್ಪ್ಯಾನರ್ ಅಂತ. ಗಾಡಿ ಒಂದು ಸುತ್ತು ಹೋಗಿಬರುವಷ್ಟರಲ್ಲಿ ಮೊಳೆಗಳೆಲ್ಲ ಹಲ್ಲು ಕಿರಿದು ಹೊರಗೆ ಬಂದಿದ್ದವು. ಅವನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನಣ್ಣ ಇದು? ನಿಮ್ಮ ಗೋಡೆಗಳು ಯಾವತ್ತಾದ್ರೂ ರಸ್ತೆ ಗುಂಡಿ ಹಾರಿದ್ವಾ? ಮೊಳೆ ಕೀಳಿ, ಸ್ಕ್ರೂ ಹಾಕಿ."

"ನಗಬೇಡ್ವೋ. ನೀನು ಗೋಡೆ ಕಟ್ಟು ನೋಡೋಣ, ಆಮೇಲೆ ನಾನು ನಗ್ತೀನಿ," ಅಂತ ಮೇಸ್ತ್ರಿ ಗೊಣಗುತ್ತಲೇ ಎಲ್ಲ ಕಿತ್ತು ಸ್ಕ್ರೂ ಹಾಕಿದರು.

ದೂರದ ದಾರಿಗೆ ಮುಂಚೆ ಒಮ್ಮೆ ಊರಾಚೆಯ ಮೈದಾನಕ್ಕೆ ಹೋಗಿ ನೋಡೋಣ ಅಂತಾಯಿತು. ಮೈದಾನ ತಟ್ಟೆಯ ಹಾಗೆ ಸಮ. ಗಾಡಿ ನಿಂತದ್ದೇ ತಡ, ಕಪಾಟಿನ ಒಂದು ಬಾಗಿಲು ತಾನಾಗಿಯೇ ಕಿರ್ರನೆ ತೆರೆದುಕೊಂಡಿತು. ಮುಚ್ಚಿದೆ. ಮತ್ತೆ ತೆರೆಯಿತು. ಸಿಂಕಿನಲ್ಲಿ ಲೋಟ ತೊಳೆದ ನೀರು ಇಳಿಯದೆ ಅಲ್ಲೇ ನಿಂತಿತು. ಹೊಸದಲ್ಲವೇ, ಸರಿಹೋಗುತ್ತದೆ ಅಂದುಕೊಂಡೆವು. ಊಟವಾದ ಮೇಲೆ ಪುಟ್ಟಿ ಮಲಗಿದಳು. ನಾನು ಬೆಂಚಿನ ಮೇಲೆ ಕೂತು ಅದು ಇದು ಹೇಳುತ್ತಿದ್ದೆ. ಉತ್ತರ ಬರಲಿಲ್ಲ, ನಿದ್ದೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಮುಳುಗಿದವರ ಹಾಗೆ ಕೈ ಬಡಿಯುತ್ತಾ ಎದ್ದಳು. ತುಟಿ ನೀಲಿ. ಮೇಸ್ತ್ರಿ ಓಡಿಬಂದು ಅವಳನ್ನು ಎದೆಗೊರಗಿಸಿ ಕೂರಿಸಿಕೊಂಡರು. ಉಸಿರು ಹದಕ್ಕೆ ಬರುವವರೆಗೂ ನಾನು ಸೆರಗಿನಿಂದ ಗಾಳಿ ಹಾಕಿದೆ.

ಆಮೇಲೆ ಅವಳು ಮೆಲ್ಲಗೆ ಅಂದಳು: "ಬೇಡ ಬಿಡಿ. ನನ್ನ ಹಣೇಲಿ ಬರೆದಿಲ್ಲ. ಈ ಗಾಡೀಲಿ ನಾನು ಇನ್ನು ಮಲಗಲ್ಲ."

ಮನೆಗೆ ಬಂದ ಕೂಡಲೇ ಮೇಸ್ತ್ರಿ ರಸಮಟ್ಟ ಹಿಡಿದು ಗಾಡಿಯೊಳಗೆ ಹೋದರು. ಮಂಚದ ಚೌಕಟ್ಟಿನ ಮೇಲೆ ಇಟ್ಟರೆ ಗುಳ್ಳೆ ನಡುವೆ. ತಲೆಯ ಕಡೆ ನಾಲ್ಕು ಬೆರಳು ಎತ್ತರ ಇದ್ದ ಹಾಗೇ ಇದೆ. ಸಿಂಕಿಗೆ ನೀರು ಸುರಿದರೆ ಸರ್ರನೆ ಇಳಿಯಿತು. ಕಪಾಟು ಗಪ್‌ಚಿಪ್. ಮನೆಯಲ್ಲಿ ರಂಪ ಮಾಡಿ ಡಾಕ್ಟರ ಮುಂದೆ ನಗುವ ಮಗುವಿನ ಹಾಗೆ.

ಸ್ಪ್ಯಾನರ್ ಬಂದು ಗಾಡಿಯ ಅಡಿಗೆ ತೂರಿದ. "ಹಿಂದಿನ ಸ್ಪ್ರಿಂಗ್ ಕುಸಿದಿದೆ ಅಣ್ಣ, ನೀರಿನ ಟ್ಯಾಂಕಿನ ಭಾರ," ಅಂತ ಇನ್ನೊಂದು ಪ್ಲೇಟು ಸೇರಿಸಿದ. ಈಗ ಅಂಗಳದಲ್ಲೇ ಗುಳ್ಳೆ ಓಡಿತು. ಮೇಸ್ತ್ರಿ ಬೈದರು, ಅವನು ಪ್ಲೇಟು ತೆಗೆದ. ಚಕ್ರದ ಗಾಳಿ ನೋಡಿದ, ಟ್ಯಾಂಕು ಖಾಲಿ ಮಾಡಿ ನೋಡಿದ. ಮತ್ತೆ ಮೈದಾನಕ್ಕೆ ಹೋದರೆ ಅದೇ ಕಥೆ. "ಅಣ್ಣ, ನಿಮ್ಮ ಗಾಡಿಗೆ ಆ ಮೈದಾನ ಆಗಿಬರಲ್ಲ," ಅಂತ ಕೈಚೆಲ್ಲಿದ.

ಅಷ್ಟರಲ್ಲಿ ಪುಟ್ಟಿಯ ಕಾಲಿನ ಊತ ಮೊಣಕಾಲು ದಾಟಿತ್ತು. ಡಾಕ್ಟರು ಮಾತ್ರೆ ಹೆಚ್ಚು ಮಾಡಿದರು. ಮೇಸ್ತ್ರಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಮಂಚವನ್ನೇ ಕಿತ್ತು ಹೊಸದು ಮಾಡುತ್ತೇನೆ ಅನ್ನುವುದು, ಕಿತ್ತರೆ ಎಲ್ಲಿ ತಪ್ಪಿದ್ದೆಂದು ಗೊತ್ತಾಗುವುದಿಲ್ಲ ಅಂತ ಸುಮ್ಮನಾಗುವುದು. ಕೈಯಲ್ಲಿ ಆ ರಸಮಟ್ಟ, ಅದನ್ನೇ ದಿಟ್ಟಿಸುತ್ತಾ ಕೂತಿರುವುದು.

ಒಂದು ಬೆಳಿಗ್ಗೆ ನಾನು ಅಂಗಳ ತೊಳೆಯುತ್ತಿದ್ದೆ. ಪುಟ್ಟಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ನಾನು ಬಕೆಟ್ ಬಗ್ಗಿಸಿದೆ. ನೀರು ಗಾಡಿಯ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ, ಅಲ್ಲಿಂದ ಗೇಟಿಗೆ ಓಡಿತು. ಅವಳು ಅದನ್ನೇ ನೋಡುತ್ತಾ ಇದ್ದಳು.

"ರೀ, ಇಲ್ಲಿ ಬನ್ನಿ. ಈ ಅಂಗಳಕ್ಕೆ ಗಾರೆ ಹಾಕಿದ್ದು ಯಾರು?"

"ನಾನೇ. ಯಾಕೆ?"

"ವಾಟ ಎಷ್ಟು ಕೊಟ್ರಿ?"

ವಾಟ ಅಂದರೆ ನೀರು ಹರಿದು ಹೋಗಲು ನೆಲಕ್ಕೆ ಕೊಡುವ ಇಳಿಜಾರು. ಹಿಂದೆಲ್ಲ ಮಳೆ ಬಂದರೆ ನನ್ನ ಅಡುಗೆಮನೆಗೆ ನೀರು ನುಗ್ಗುತ್ತಿತ್ತು. ನಾನು ಗೋಳು ಹೊಯ್ದುಕೊಂಡೆ ಅಂತ ಮೇಸ್ತ್ರಿ ಅಂಗಳಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ವಾಟ ಕೊಟ್ಟಿದ್ದರು. ಗೇಟಿನ ಕಡೆ ಮೂತಿ ಮಾಡಿ ಗಾಡಿ ನಿಂತದ್ದು ಅದರ ಮೇಲೆ. ಮೂತಿ ತಗ್ಗಿನಲ್ಲಿ, ಹಿಂಬದಿ ಎತ್ತರದಲ್ಲಿ. ಆ ಓರೆ ಗಾಡಿಯೊಳಗೆ ರಸಮಟ್ಟ ಇಟ್ಟು ಪ್ರತಿ ಹಲಗೆಯನ್ನೂ ಸಮ ಮಾಡಿದ್ದರು. ಸಮನೆಲಕ್ಕೆ ಹೋದರೆ ಹಿಂಬದಿ ಇಳಿಯುತ್ತದೆ, ಮಂಚದ ನಾಲ್ಕು ಬೆರಳು ಎತ್ತರ ಅಲ್ಲೇ ಮಾಯ. ಪುಟ್ಟಿ ಚಪ್ಪಟೆಯಾಗಿ ಮಲಗಿದ್ದಳು, ಅಷ್ಟೇ. ಮನೆ ಕಟ್ಟುವವರ ಕೈ ನೋಡಿ, ನೆಲ ಎಲ್ಲಿಗೂ ಹೋಗುವುದಿಲ್ಲ ಅನ್ನುವುದು ಅದಕ್ಕೆ ಅಭ್ಯಾಸವಾಗಿಬಿಟ್ಟಿದೆ.

ಮೇಸ್ತ್ರಿ ಅಲ್ಲೇ ಕೂತು ಒದ್ದೆ ನೆಲದ ಮೇಲೆ ರಸಮಟ್ಟ ಇಟ್ಟು ನೋಡಿದರು. "ಎಲ್ಲಾ ಕೀಳ್ತೀನಿ. ಮತ್ತೆ ಮೊದಲಿಂದ ಮಾಡ್ತೀನಿ."

"ಅಷ್ಟು ದಿನ ನಾನಿರ್ತೀನಾ?" ಅಂದಳು ಪುಟ್ಟಿ. ತಮಾಷೆಯ ಧ್ವನಿಯಲ್ಲೇ ಅಂದಳು, ಆದರೆ ಯಾರಿಗೂ ನಗು ಬರಲಿಲ್ಲ. "ಏನೂ ಕೀಳಬೇಡಿ. ನಮ್ಮ ಅಂಗಳಾನೇ ಜೊತೆಗೆ ತಗೊಂಡು ಹೋಗೋಣ. ಎಲ್ಲಿ ನಿಲ್ಲಿಸಿದ್ರೂ ಹಿಂದಿನ ಚಕ್ರದ ಕೆಳಗೆ ಮರ ಇಟ್ಟು ಇದೇ ವಾಟ ಕೊಡಿ."

"ಮಾಡಿದ ತಪ್ಪಿಗೆ ಮರ ಇಟ್ಟುಕೊಂಡು ಊರೂರು ತಿರುಗೋದಾ? ನೋಡಿದವರು ಏನಂತಾರೆ?"

"ನೋಡಿದವರಿಗೆ ಉಸಿರು ಕಟ್ಟಲ್ಲ ಕಣ್ರೀ, ನನಗೆ ಕಟ್ಟುತ್ತೆ."

ಆ ಮಾತಿಗೆ ಅವರು ಎದ್ದರು. ಸಂಜೆಯೊಳಗೆ ದಪ್ಪ ಮರದ ತುಂಡುಗಳನ್ನು ಓರೆಯಾಗಿ ಕೊಯ್ದು, ಚಕ್ರ ಜಾರದಂತೆ ಅಡ್ಡಪಟ್ಟಿ ಹೊಡೆದು ತಯಾರು ಮಾಡಿದ್ದರು. ಮೈದಾನಕ್ಕೆ ಹೋಗಿ ಆ ಮರದ ಮೇಲೆ ಹಿಂದಿನ ಚಕ್ರ ಹತ್ತಿಸಿದರು. ಗುಳ್ಳೆ ನಡುವೆ ನಿಂತಿತು. ಪುಟ್ಟಿ ಮಲಗಿದಳು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಅವಳ ಎದೆಯನ್ನೇ ನೋಡುತ್ತಾ ಕೂತೆ. ಗೊರಕೆ ಬಂತು. ಅಷ್ಟು ಇಂಪಾದ ಗೊರಕೆ ನಾನು ಕೇಳಿಯೇ ಇಲ್ಲ.

ಹಾಗೆ ಹೊರಟೆವು. ದಾರಿಯುದ್ದಕ್ಕೂ ಎಲ್ಲಿ ನಿಂತರೂ ಮೇಸ್ತ್ರಿ ಮೊದಲು ಇಳಿದು ಮರ ಇಡುವುದು, ಆಮೇಲೆ ಬೇರೆ ಮಾತು. ಪೆಟ್ರೋಲ್ ಬಂಕಿನಲ್ಲಿ ಒಬ್ಬರು, "ಯಾಕಜ್ಜ, ಹೀಗೆ ಓರೆ ಮಾಡ್ತೀರಿ?" ಅಂತ ಕೇಳಿದರೆ, "ನಮ್ಮನೆ ನೆಲ ಹೀಗೇ," ಅಂದರು.

ಮೊದಲ ಮನೆಯ ಬಾಗಿಲು ತೆರೆದವಳು ಒಬ್ಬ ಹೊಲಿಗೆಯವಳು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಗುಂಡುಸೂಜಿ. ಮೇಸ್ತ್ರಿ ಗೇಟಿನಲ್ಲೇ ನಿಂತು ತಡವರಿಸಿದರು. ಪುಟ್ಟಿಯೇ ಹೇಳಿದಳು: "ಈ ಮನೆ ಕಟ್ಟಿದ್ದು ಇವರೇ ಕಣಮ್ಮ. ಒಂದು ಸಲ ಒಳಗೆ ನೋಡಿ ಹೋಗ್ತೀವಿ." ಅವಳು ಸೂಜಿ ತೆಗೆದು, "ಬನ್ನಿ ಬನ್ನಿ, ಬಟ್ಟೆ ಹರಡಿದೆ, ಬೇಜಾರು ಮಾಡ್ಕೋಬೇಡಿ," ಅಂದಳು.

ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆ ಒಡೆದು ಹಾಕಿದ್ದರು. ಮೇಸ್ತ್ರಿಯ ಮುಖ ಸೊಟ್ಟಗಾಯಿತು. ಪುಟ್ಟಿ ಅದನ್ನು ಗಮನಿಸಲೇ ಇಲ್ಲ. ನನ್ನ ತೋಳು ಹಿಡಿದು ಒಂದೊಂದೇ ಕೋಣೆಗೆ ಹೋದಳು. ಬಾಗಿಲು ಹಾಕಿದಳು, ತೆಗೆದಳು. ಕಿಟಕಿಯ ಚಿಲಕ ತಿರುಗಿಸಿದಳು. ಒಂದು ಗೋಡೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತಳು. "ಒಣಗಿದೆ ಅಕ್ಕ," ಅಂದಳು. ಹೊಲಿಗೆಯವಳು ಗಲಿಬಿಲಿಯಾಗಿ ನನ್ನ ಮುಖ ನೋಡಿದಳು.

ಗಾಡಿಗೆ ವಾಪಸು ಬಂದು ಪುಟ್ಟಿ ಕೇಳಿದಳು: "ಇನ್ನೊಂದು ಎಷ್ಟು ದೂರ?"

ಇನ್ನೊಂದನ್ನೂ ನೋಡಿದಳು. ಅಲ್ಲಿ ಮನೆಯವರ ಸೋಫಾದಲ್ಲಿ ಯಜಮಾನಿಯ ಹಾಗೆ ಕೂತು ಚಹಾ ಕುಡಿದಳು. ಮೂರನೆಯದಕ್ಕೆ ಹೋಗುವ ದಾರಿಯಲ್ಲಿ, ಬೆಳಿಗ್ಗೆ, ನಾನು ಮುಖ ತೊಳೆದು ಬಂದು ಕರೆದರೆ ಏಳಲಿಲ್ಲ. ಒದ್ದಾಡಿದ ಗುರುತೇ ಇರಲಿಲ್ಲ. ಹೊದಿಕೆ ಕೂಡ ಅಸ್ತವ್ಯಸ್ತವಾಗಿರಲಿಲ್ಲ. ಮೇಸ್ತ್ರಿ ಹೊರಗೆ ಗಾಜು ಒರೆಸುತ್ತಿದ್ದರು. ನಾನು ಒಳಗಿನಿಂದ ಗಾಜು ತಟ್ಟಿದೆ.

ಈಗ ಇಂಥ ಗಾಡಿ ಇಟ್ಟುಕೊಂಡವರು ಅವರನ್ನು ಹುಡುಕಿಕೊಂಡು ಬರುತ್ತಾರೆ. ಒಬ್ಬರದು ನೀರು ಸೋರುತ್ತದೆ, ಒಬ್ಬರ ಮೇಜು ಮಡಚುವುದಿಲ್ಲ, ಇನ್ನೊಬ್ಬರ ದೀಪ ಬೆಳಗಾಗುವುದರೊಳಗೆ ಸಾಯುತ್ತದೆ. ಮೇಸ್ತ್ರಿ ಕೇಳುವ ಮೊದಲ ಪ್ರಶ್ನೆ, "ಎಲ್ಲಿ ನಿಲ್ಲಿಸಿ ಮಾಡಿದ್ರಿ?"

ಹೋದ ಬೇಸಿಗೆಯಲ್ಲಿ ಅವರು ಹೇಳದೆ ಕೇಳದೆ ಗಾಡಿ ತೆಗೆದುಕೊಂಡು ಹೋದರು. ನನಗೆ ಗಾಬರಿ. ಕೆಲವು ದಿನ ಬಿಟ್ಟು ಬಂದು, ಕೈಕಾಲು ತೊಳೆದು ಊಟಕ್ಕೆ ಕೂತರು.

"ಆ ಮೂರನೇ ಮನೆಗೆ ಹೋಗಿದ್ದೆ ಅಕ್ಕ. ಒಳಗೆಲ್ಲ ನೋಡ್ದೆ. ಅಡುಗೆಮನೆಗೆ ಒಳ್ಳೆ ಬೆಳಕಿದೆ. ಹಿತ್ತಲ ಬಾಗಿಲಿಗೆ ಹಸಿರು ಬಣ್ಣ ಹಚ್ಚಿದ್ದಾರೆ."

"ನೀವೇ ಕಟ್ಟಿದ್ದು ಅಂತ ಹೇಳಿದ್ರಾ?"

"ಇಲ್ಲ," ಅಂದರು. "ನನ್ನ ಹೆಂಡತಿ ಸ್ವಲ್ಪ ಕಾಲ ಇಲ್ಲಿ ಇದ್ದಳು ಅಂದೆ. ಒಳಗೆ ಕರೆದರು."